ಕುಣಿತದ ಹಾಡು ಸಾವಿನ ಹಾಡಾದದ್ದು

ನಾನು ಒಂದು ಹಾಡಿನ ರೆಕಾರ್ಡು. ತಿಂಡಿ ತಟ್ಟೆಯಷ್ಟು ಅಗಲ, ಕಪ್ಪು ಬಣ್ಣ, ನಡುವೆ ಒಂದು ತೂತು. ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಎರಡು ಬಿಸಿ ಅಚ್ಚುಗಳ ನಡುವೆ ಹುಟ್ಟಿದೆ. ಗಿಟಾರು ಹಿಡಿದ ಹುಡುಗರು ಆ ದೇಶದ ತಲೆ ಕೆಡಿಸಿದ್ದ ಕಾಲ ಅದು. ಗಂಡುಮಕ್ಕಳು ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದರು. ಹೆಣ್ಣುಮಕ್ಕಳ ಸ್ಕರ್ಟು ವರ್ಷದಿಂದ ವರ್ಷಕ್ಕೆ ಮೇಲೇರುತ್ತಿತ್ತು. ಹಿರಿಯರು ಪತ್ರಿಕೆಗಳಿಗೆ ದೂರು ಬರೆಯುತ್ತಿದ್ದರು.

ನನ್ನೊಳಗೆ ಹಾಡಿದವಳು ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿ. ಶನಿವಾರ ಸಂಜೆ ಬೂಟು ಹೊಳಪಿಸಿಕೊಂಡು ಸಮುದ್ರದ ಕಟ್ಟೆಗೆ ಬಾ, ಬ್ಯಾಂಡು ನಿಲ್ಲುವ ತನಕ ನಿನ್ನ ಕೈ ಬಿಡುವುದಿಲ್ಲ ಎಂದು ಅವಳು ಗೆಳೆಯನನ್ನು ಕರೆಯುತ್ತಾಳೆ. ನಾನು ಇಷ್ಟೇ. ನನ್ನಲ್ಲಿ ದುಃಖದ ಒಂದು ಗೆರೆಯೂ ಇಲ್ಲ.

ಲಿವರ್‌ಪೂಲಿನ ಒಂದು ಅಂಗಡಿಯಲ್ಲಿ ನನ್ನನ್ನು ಕೊಂಡವನು ಬೊನಿಫಾಸ್. ಮಂಗಳೂರಿನವನು, ಸರಕು ಹಡಗಿನ ಅಡುಗೆಯವನು. ಅಂಗಡಿಯವಳು ನನ್ನನ್ನು ಹಾಕಿ ಕೇಳಿಸಿದಾಗ ಅವನ ಕಾಲು ಸುಮ್ಮನಿರಲಿಲ್ಲ. ಕೌಂಟರಿನ ಮುಂದೆಯೇ ಕುಣಿದುಬಿಟ್ಟ. ಜೊತೆಗಿದ್ದ, ಅದೇ ಊರಿನ ಹಡಗಿನ ಗೆಳೆಯ ಸಿರಿಲ್ ನಾಚಿ ಬಾಗಿಲಿನಾಚೆ ಹೋಗಿ ನಿಂತ. ಬೊನಿಫಾಸ್ ನನ್ನ ಜೊತೆಗೆ ಬ್ಯಾಟರಿಯಲ್ಲಿ ನಡೆಯುವ ಒಂದು ಪ್ಲೇಯರನ್ನೂ ಕೊಂಡ. ಊರಿಗೆ ಮೊದಲು ಹೊರಟವನು ಸಿರಿಲ್ ಆದ್ದರಿಂದ ನಾವಿಬ್ಬರೂ ಅವನ ಪೆಟ್ಟಿಗೆ ಸೇರಿದೆವು.

ನೇತ್ರಾವತಿಯ ಹತ್ತಿರದ ಹೆಂಚಿನ ಮನೆಯಲ್ಲಿ ಬೊನಿಫಾಸನ ಹೆಂಡತಿ ಸೆವ್ರಿನ್ ನಮ್ಮನ್ನು ತೆಗೆದುಕೊಂಡಳು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು.

"ಹಾಕಿ ತೋರಿಸ್ಲಾ?" ಎಂದು ಸಿರಿಲ್ ಕೇಳಿದ.

"ಬೇಡ. ಅವ್ರು ಈಸ್ಟರಿಗೆ ಬರ್ತಾರಲ್ಲ, ಒಟ್ಟಿಗೆ ಕೇಳುವ" ಎಂದಳು ಅವಳು.

ಸಿರಿಲ್ ಇನ್ನೊಂದು ಹಡಗು ಹತ್ತಿದ. ಆಮೇಲೆ ಇಂಗ್ಲೆಂಡಿನಲ್ಲೇ ನೆಲೆ ನಿಂತ.

ಈಸ್ಟರಿಗೆ ಮೊದಲೇ ತಂತಿ ಬಂತು. ಬೊನಿಫಾಸನಿಗೆ ಹಡಗಿನಲ್ಲಿ ಜ್ವರ ಬಂದು, ತೀರಿಕೊಂಡು, ದೇಹವನ್ನು ಸಮುದ್ರಕ್ಕೇ ಒಪ್ಪಿಸಿದ್ದರು. ಮಣ್ಣು ಮಾಡಲೂ ಏನೂ ಉಳಿದಿರಲಿಲ್ಲ. ಉಳಿದದ್ದು ನಾವು.

ಒಂದು ಮಧ್ಯಾಹ್ನ ಅವಳು ಕಟ್ಟು ಬಿಚ್ಚಿದಳು. ಪ್ರಯಾಣದಲ್ಲಿ ಪ್ಲೇಯರಿನ ವೇಗದ ಗುಂಡಿ ಮುರಿದು, ನಿಧಾನದ ಕಡೆಗೇ ಸಿಕ್ಕಿಹಾಕಿಕೊಂಡಿತ್ತು. ಮುಳ್ಳು ನನ್ನ ಮೇಲೆ ಕೂತಿತು. ನನ್ನ ಬಾಯಿಂದ ಹೊರಟ ದನಿ ಕೇಳಿ ನಾನೇ ಬೆಚ್ಚಿಬಿದ್ದೆ. ಆ ಹುಡುಗಿಯ ಚಿಲಿಪಿಲಿ ಒಬ್ಬ ಗಂಡಸಿನ ಭಾರವಾದ ದನಿಯಾಗಿತ್ತು. ಡೋಲಿನ ಪೆಟ್ಟು ಸಾವಿನ ಗಂಟೆಯಂತೆ ಬೀಳುತ್ತಿತ್ತು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಇದು ನಾನಲ್ಲ ಎಂದು ಕೂಗಬೇಕೆನಿಸಿತು. ಆದರೆ ನನಗೆ ಮುಳ್ಳಿನ ದಾರಿ ಬಿಟ್ಟು ಬೇರೆ ಬಾಯಿಲ್ಲ.

ಸೆವ್ರಿನ್ ಗೋಡೆಗೆ ಒರಗಿ ಕೊನೆಯ ತನಕ ಕೇಳಿದಳು. ಮುಖ ಬಿಳಿಚಿಕೊಂಡಿತ್ತು.

"ಅವ್ರಿಗೆ ಗೊತ್ತಿತ್ತು," ಎಂದಳು ತನಗೆ ತಾನೇ. "ಗೊತ್ತಿದ್ದೇ ಇದನ್ನು ಕಳಿಸಿದ್ದು."

ಊರಿನವರು ಇಗರ್ಜಿ ಎನ್ನುವ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಲಾದ್ರು ಮಾಸ್ಟ್ರು ಸಮಾಧಾನ ಹೇಳಲು ಬಂದವರು ನನ್ನನ್ನು ಕೇಳಿ ಕಣ್ಣೊರೆಸಿಕೊಂಡರು. ಇಂಗ್ಲೆಂಡಿನ ಹಾಡು, ಇಷ್ಟು ಗಂಭೀರ, ದೇವರ ಹಾಡೇ ಇರಬೇಕೆಂದು ತೀರ್ಮಾನಿಸಿದರು. ಬೊನಿಫಾಸನ ಹೆಸರಿನ ಪೂಜೆಯಲ್ಲಿ ಆ ರಾಗವನ್ನು ಹಾರ್ಮೋನಿಯಂನಲ್ಲಿ ನುಡಿಸಿದರು. ಮುಂದಿನ ಸಾವಿಗೂ ನುಡಿಸಿದರು. ಕ್ರಮೇಣ ನಾನಿಲ್ಲದೆ ಆ ಊರಿನ ಯಾರೂ ಮಣ್ಣಿಗೆ ಹೋಗದಂತಾಯಿತು. ಅತ್ತ ಇಂಗ್ಲೆಂಡಿನಲ್ಲಿ ಹೊಸ ಹಾಡುಗಳು ಬಂದು ನನ್ನ ಒಡಹುಟ್ಟಿದವರೆಲ್ಲ ಅಟ್ಟ ಸೇರಿದ್ದರು. ಇತ್ತ ನಾನು ಶವಪೆಟ್ಟಿಗೆಗಳ ಹಿಂದೆ ನಡೆಯುತ್ತಿದ್ದೆ.

ಸೆವ್ರಿನ್ ಮತ್ತೆ ಮದುವೆಯಾಗಲಿಲ್ಲ. ಹೊಲಿಗೆ ಹೇಳಿಕೊಡುತ್ತಾ ಬದುಕಿದಳು, ಊರವರೆಲ್ಲ ಅಕ್ಕ ಎನ್ನುವ ಗೌರವದಿಂದ ಅವಳನ್ನು ಸೆವ್ರಿನ್ ಬಾಯಿ ಎಂದು ಕರೆಯತೊಡಗಿದರು. ನನ್ನನ್ನು ಹಾಕುವಾಗೆಲ್ಲ ಅವಳ ತುಟಿ ಬಿಗಿಯುತ್ತಿತ್ತು. ಅದು ಬರಿಯ ದುಃಖವಲ್ಲ, ಕೋಪವೂ ಹೌದೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಸಿರಿಲ್ ಮುದುಕನಾಗಿ ಊರಿಗೆ ಬಂದದ್ದು ತನ್ನ ಅಣ್ಣನ ಸಾವಿಗೆ. ಇಗರ್ಜಿಯಲ್ಲಿ ಮಾಸ್ಟ್ರು ನುಡಿಸಿದ್ದನ್ನು ಕೇಳಿ, ಅಲ್ಲಿಂದ ನೇರ ನಮ್ಮ ಮನೆಗೆ ನಡೆದು ಬಂದ. ಅವನ ಹಿಂದೆಯೇ ಲಾದ್ರು ಮಾಸ್ಟ್ರು.

"ಬಾಯಿ, ಆ ರಾಗ ಮಾಸ್ಟ್ರಿಗೆ ಎಲ್ಲಿ ಸಿಕ್ಕಿದ್ದು?" ಎಂದು ಸಿರಿಲ್ ಕೇಳಿದ.

"ನೀವೇ ತಂದು ಕೊಟ್ಟದ್ದಲ್ವಾ."

ಅವಳು ನನ್ನನ್ನು ಹಾಕಿದಳು. ನಾಲ್ಕು ಸಾಲು ಕೇಳುವಷ್ಟರಲ್ಲಿ ಸಿರಿಲ್ ನನ್ನನ್ನು ಎತ್ತಿಟ್ಟು, ಪ್ಲೇಯರನ್ನು ಮಗುಚಿ ಹಾಕಿ ತಿರುಪು ಬಿಚ್ಚಿದ. ಒಳಗೆ ಸಿಕ್ಕಿಕೊಂಡಿದ್ದ, ವೇಗದ ಗುಂಡಿಯ ಸಣ್ಣ ಸರಳನ್ನು ಚಾಕುವಿನ ತುದಿಯಿಂದ ಆಚೆ ತಳ್ಳಿದ. ಮತ್ತೆ ನನ್ನನ್ನು ಹಾಕಿದ.

ಹುಡುಗಿ ಹಾಡಿದಳು. ಗಿಟಾರು ಕುಪ್ಪಳಿಸಿತು. ಸಮುದ್ರದ ಕಟ್ಟೆ, ಹೊಳಪಿನ ಬೂಟು, ಶನಿವಾರ, ಎಲ್ಲವೂ ಆ ಮನೆಯೊಳಗೆ ನುಗ್ಗಿದವು. ಲಾದ್ರು ಮಾಸ್ಟ್ರು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯೇಸುವೇ," ಎಂದರು ಮೆಲ್ಲಗೆ. "ನನ್ನ ಅಪ್ಪನನ್ನು ಇದ್ರಲ್ಲೇ ಕಳಿಸಿದ್ದು ನಾನು."

ಸೆವ್ರಿನ್ ಬಾಯಿ ಎದ್ದು ನಿಂತಿದ್ದಳು. "ಇದು ಎಂತ ಸಿರಿಲ್?"

"ಇದೇ ಬಾಯಿ ಬೊನಿ ಕೊಂಡ ಹಾಡು. ಅಂಗಡಿಯಲ್ಲೇ ಕುಣಿದುಬಿಟ್ಟ. ನಿಮಗೆ ಕುಣಿಯಲಿಕ್ಕೆ ಕಲಿಸ್ತೇನೆ ಅಂತ ಹಡಗಿನವರಿಗೆಲ್ಲ ಹೇಳಿಕೊಂಡು ತಿರುಗಿದ."

"ಕಾಯಿಲೆ ಇರ್ಲಿಲ್ವಾ ಅವ್ರಿಗೆ ಆಗ?"

"ಎಂತ ಕಾಯಿಲೆ? ಗೂಳಿಯ ಹಾಗಿದ್ದ."

ಅವಳು ಕುಳಿತಳು. ಆಮೇಲೆ ಹೇಳಿದಳು: "ಸಾಯ್ತೇನೆ ಅಂತ ಗೊತ್ತಿದ್ದೂ ಮನೆಗೆ ಬರ್ಲಿಲ್ಲ, ಒಂದು ಹಾಡು ಕಳಿಸಿ ಸುಮ್ಮನಾದ್ರು ಅಂತ ತಿಳಿದಿದ್ದೆ. ಪ್ರತಿ ಪ್ರಾರ್ಥನೆಯಲ್ಲೂ ಅವ್ರ ಜೊತೆ ಜಗಳ ಮಾಡಿದ್ದೇನೆ."

ಸಿರಿಲ್ ತಲೆ ತಗ್ಗಿಸಿದ. ಅಂದು ತಾನು ಹಾಕಿ ತೋರಿಸಿಯೇ ಹೋಗಬೇಕಿತ್ತು ಎಂದ. ಅವಳಿಗೆ ಅದು ಕೇಳಿಸಲೇ ಇಲ್ಲ.

ಇನ್ನು ಈ ರಾಗವನ್ನು ಇಗರ್ಜಿಯಲ್ಲಿ ಮುಟ್ಟುವುದಿಲ್ಲ ಎಂದರು ಲಾದ್ರು ಮಾಸ್ಟ್ರು. ಸೆವ್ರಿನ್ ಬಾಯಿ ಬೇಡವೆಂದು ತಲೆಯಾಡಿಸಿದಳು. "ಬಿಡ್ಬೇಡಿ ಮಾಸ್ಟ್ರೆ. ಇಷ್ಟು ಜನ ಅತ್ತದ್ದು ಸುಳ್ಳಾ?" ಮಾಸ್ಟ್ರು ಬಿಡಲಿಲ್ಲ.

ಅವರಿಬ್ಬರೂ ಹೋದ ಮೇಲೆ ಅವಳು ನನ್ನನ್ನು ಇನ್ನೊಮ್ಮೆ ಹಾಕಿದಳು, ನನ್ನ ನಿಜವಾದ ವೇಗದಲ್ಲಿ. ಅವಳು ಕುಣಿದಾಳು, ಇಲ್ಲವೇ ನಕ್ಕಾಳು ಎಂದು ನಾನು ಕಾದೆ. ಅವಳು ಗೋಡೆಯ ಮೇಲಿನ ಬೊನಿಫಾಸನ ಚಿತ್ರವನ್ನು ಕೆಳಗಿಳಿಸಿ, ಸೆರಗಿನಿಂದ ಗಾಜು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು. ನನ್ನ ಆ ಭಾರವಾದ ದನಿಯಲ್ಲಿ ಅವನು ಅವಳ ಜೊತೆಗೇ ಮುದುಕನಾಗುತ್ತಾ ಬಂದಿದ್ದ. ಈಗ ಅವಳು ಅವನನ್ನು ಹೊಸಬರನ್ನು ನೋಡುವಂತೆ ನೋಡಿದಳು.

"ದೇವರೇ," ಎಂದಳು. "ಎಷ್ಟು ಸಣ್ಣ ಹುಡುಗ."

ಇದೆಲ್ಲ ಆಗಿ ಬಹಳ ಕಾಲವಾಯಿತು. ಸೆವ್ರಿನ್ ಬಾಯಿ ಈಗಿಲ್ಲ. ನಾನು ಅವಳ ತಂಗಿಯ ಮನೆಯ ಕಪಾಟಿನಲ್ಲಿದ್ದೇನೆ. ಮುಳ್ಳು ಸವೆದಿದೆ, ನನ್ನ ಗೆರೆಗಳೂ ಸವೆದಿವೆ. ನನ್ನನ್ನು ತಪ್ಪಾಗಿ ಕೇಳಿದರೆಂದು ಆ ಊರಿನ ಮೇಲೆ ಮುನಿಸಿಕೊಂಡೇ ಅರ್ಧ ಆಯುಷ್ಯ ಕಳೆದೆ. ಆದರೆ ಸರಿಯಾಗಿ ಕೇಳಿಸಿದ ದಿನವೂ ಆ ಮನೆಯಲ್ಲಿ ಯಾರೂ ಕುಣಿಯಲಿಲ್ಲ. ಅಂದು ಅವಳು ಆ ಹುಡುಗನಿಗಾಗಿ ಅತ್ತಷ್ಟು, ನನ್ನ ನಿಧಾನದ ದನಿಗೆ ಯಾವತ್ತೂ ಅತ್ತಿರಲಿಲ್ಲ.