ರೈಲಿಯ ಕೈ, ತೌನೊನ ಬಾಯಿ

ಕೈ ಊದಿದರೆ ಬಾಯಿಗೆ ಬೀಗ. ಗಾದೆ ಹೀಗಲ್ಲ, ಕೆಸರು ಮೊಸರು ಏನೋ ಇತ್ತಲ್ಲ ಎಂದು ತಿದ್ದಲು ಬರಬೇಡಿ. ರೈಲಿಯ ಪಾಲಿಗೆ ಇದೇ ಗಾದೆ. ಇನ್ನು ಮುಂದಿನದು ನಿಜವಾಗಿ ನಡೆದ ಕಥೆ. ಅರ್ಧ ಕಥೆ ದೋಣಿಯಲ್ಲಿರುವುದರಿಂದ ತೇಲಿದ ಕಥೆ ಎಂದರೂ ತಪ್ಪಿಲ್ಲ.

ಫಿನ್ಲೆಂಡಿನ ಆ ಸರೋವರದ ಊರಿನವರು ಬೇಸಿಗೆಯಲ್ಲಿ ಒಂದು ಭಾನುವಾರ ಆಚೆ ದಡದ ಚರ್ಚಿಗೆ ಉದ್ದನೆಯ ದೋಣಿಯಲ್ಲೇ ಹೋಗಬೇಕು. ಸೇತುವೆ ಇದೆ, ಬಸ್ಸಿದೆ, ಮನೆಗೊಂದು ಕಾರಿದೆ. ಆದರೂ ಅವತ್ತು ದೋಣಿಯೇ. ಕೂರುವ ಹಲಗೆಗೆ ಇಬ್ಬರು, ಒಬ್ಬೊಬ್ಬರಿಗೆ ಒಂದು ಹುಟ್ಟು. ಮೂರನೇ ಹಲಗೆಯ ಎಡಬದಿ ರೈಲಿಯದು. ಅದಕ್ಕೂ ಮೊದಲು ಅವಳ ಅಮ್ಮನದು. ಹುಟ್ಟು ಹಾಕುವುದು ಅವಳಿಗೆ ಹುಟ್ಟುಗುಣ. ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸಾರಿನ ಹಂಡೆ ತಿರುವುವಾಗಲೂ ಹಿಂದಕ್ಕೆ ವಾಲಿ ಎಳೆಯುತ್ತಿದ್ದಳು. ಹೆಸರು ರೈಲಿ, ಆದರೆ ನಿಲ್ದಾಣ ಬಂದರೂ ನಿಲ್ಲುವ ಜಾತಿಯಲ್ಲ.

ಅಂಥವಳಿಗೆ ಹೋದ ವರ್ಷ ರುಮಟಾಯ್ಡ್ ಸಂಧಿವಾತ ಗಂಟುಬಿತ್ತು. ಬೆಳಿಗ್ಗೆ ಎದ್ದರೆ ಬೆರಳುಗಳು ಮಡಚಲು ಒಪ್ಪುತ್ತಿರಲಿಲ್ಲ. ಔಷಧಿ ಶುರುವಾಯಿತು; ವ್ಯಾಯಾಮ ಹೇಳಿಕೊಡಲು ಸನೆಲ್ಮಾ ಎಂಬ ಫಿಸಿಯೋಥೆರಪಿಸ್ಟ್ ಬಂದಳು. ಸನೆಲ್ಮಾ ಏನೇ ಹೇಳುವ ಮೊದಲೂ ಮೂಗಿನಲ್ಲಿ "ನೋಡೋ…ಣ, ನೋಡೋ…ಣ" ಎಂದು ರಾಗ ಎಳೆಯುತ್ತಿದ್ದಳು.

"ನೋಡೋ…ಣ. ದೋಣಿ ಬಿಡು ಅಂತ ನಾನು ಹೇಳಲ್ಲ ರೈಲಿ. ಆಡಿಸದೆ ಇಟ್ಟ ಕೀಲು ತುಕ್ಕು ಹಿಡಿಯುತ್ತೆ. ಆದರೆ ಕೀಲು ಬಿಸಿಯಾಗಿ ಊದಿಕೊಂಡ ದಿನ ಹುಟ್ಟು ಮುಟ್ಟಬೇಡ, ಬೆಚ್ಚಗಿನ ನೀರಲ್ಲಿ ಬೆರಳು ಮೆಲ್ಲಗೆ ಆಡಿಸಿದರೆ ಸಾಕು. ದೋಣಿ ಇಳಿದು ಎರಡು ತಾಸಾದ ಮೇಲೂ ನೋವು ಜಾಸ್ತಿಯೇ ಇದ್ದರೆ ಅವತ್ತು ಅತಿಯಾಯ್ತು ಅಂತ ಅರ್ಥ. ಮುಂದಿನ ಸಲ ಕಡಿಮೆ ಮಾಡು. ತೋಳು ಮಾಡೋ ಕೆಲಸಾನ ಬೆರಳಿಗೆ ಹೊರಿಸಬೇಡ."

ರೈಲಿ ಪಾದ್ರಿಯ ಪ್ರವಚನಕ್ಕೆ ತಲೆಯಾಡಿಸುವ ಹಾಗೆ ತಲೆಯಾಡಿಸಿದಳು. ಅವಳ ವಾತಕ್ಕೆ ಮದ್ದಿತ್ತು, ವಾದಕ್ಕೆ ಇರಲಿಲ್ಲ.

ಬಾಯಿಗೆ ಬೀಗ ಬೀಳಲು ಕಾರಣ ತೌನೊ. ಅವನು ಚುಕ್ಕಾಣಿ ಹಿಡಿಯುವವನು. ಯಾರು ಯಾವ ಹಲಗೆ ಎಂದು ಗೊತ್ತುಮಾಡುವವನೂ ಅವನೇ. ಊರಿನವರ ದನಿಗಳೆಲ್ಲ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಪಾದ್ರಿಯ ಕೆಮ್ಮು, ಸನೆಲ್ಮಾಳ ಮೂಗು, ಅಂಗಡಿಯವಳ ನಾಯಿ ಯಾವುದನ್ನೂ ಬಿಟ್ಟವನಲ್ಲ. ದೋಣಿಯ ಅಭ್ಯಾಸ ಶುರುವಾದ ದಿನವೇ ಎಚ್ಚರಿಸಿದ್ದ: "ಕೈಕಾಲು ನೋವಿದ್ದೋರು ಈಗಲೇ ಹೇಳಿ. ನಡುನೀರಲ್ಲಿ ಕೈ ಕೊಟ್ಟರೆ ನಾನು ಕೈ ಮುಗಿದುಬಿಡ್ತೀನಿ." ಪಕ್ಕದ ಮನೆಯ ಓರ್ವೊಕ್ಕಿ ಯಾವುದಾದರೂ ಹಲಗೆ ಖಾಲಿಯಾದೀತೇ ಎಂದು ಕಾಯುತ್ತಿದ್ದಳು. ಹೇಳಿದರೆ ಅಮ್ಮನ ಹಲಗೆ ಹೋಯಿತು. ರೈಲಿ ಕೈಗವಸು ಹಾಕಿಕೊಂಡು ಸುಮ್ಮನಾದಳು.

ಚರ್ಚಿನ ಭಾನುವಾರಕ್ಕೆ ಇನ್ನೂ ಮೂರು ವಾರವಿದ್ದ ಒಂದು ಗುರುವಾರದ ಹೊತ್ತಿಗೆ ಅವಳ ಬೆರಳಿನ ಬುಡಗಳು ಊದಿ ಕೆಂಪಾಗಿದ್ದವು. ಆದರೂ ಹಲ್ಲು ಕಚ್ಚಿ, ಹುಟ್ಟನ್ನು ಬಿಗಿಯಾಗಿ ಹಿಡಿದು ಎಳೆದಳು. ದಡಕ್ಕೆ ಬಂದ ಮೇಲೆ ಕಾಫಿ ಫ್ಲಾಸ್ಕಿನ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿದ್ದನ್ನು ತೌನೊ ನೋಡಿದ.

ಅಭ್ಯಾಸದ ಮೇಲೆ ದಡದ ಸೌನಾ, ಕಾದ ಕಲ್ಲಿಗೆ ನೀರೆರಚಿ ಬೆವರುವ ಉಗಿಸ್ನಾನದ ಮನೆ. ಮೊದಲು ಹೆಂಗಸರ ಸರದಿ. ರೈಲಿ ಮೇಲಿನ ಮೆಟ್ಟಿಲಲ್ಲಿ ಕೂತು ಬೆವರುತ್ತಿದ್ದಾಗ ಬಾಗಿಲಾಚೆಯಿಂದ ದನಿ ಬಂತು:

"ನೋಡೋ…ಣ, ನೋಡೋ…ಣ. ರೈಲಿ, ಕೈ ಹೇಗಿದೆ?"

ಬಟ್ಟೆ ಬಿಚ್ಚಿದವರಿಗೆ ಗುಟ್ಟು ಬಿಚ್ಚುವುದು ಸುಲಭವೋ ಏನೋ. ರೈಲಿ ಒಂದೇ ಉಸಿರಿಗೆ ಕಕ್ಕಿಬಿಟ್ಟಳು. "ಅಯ್ಯೋ ಸನೆಲ್ಮಾ, ಬೈಬೇಡ ಕಣೇ. ಸೋಮವಾರದಿಂದ ಊದಿದೆ. ರಾತ್ರಿಯೆಲ್ಲ ನೋವು. ಹುಟ್ಟನ್ನ ಕಳ್ಳನ ಕುತ್ತಿಗೆ ಹಿಡಿದ ಹಾಗೆ ಹಿಡೀತಿದ್ದೀನಿ. ಆ ತೌನೊಗೆ ಮಾತ್ರ ಹೇಳಬೇಡ, ಹಲಗೆ ಕಿತ್ಕೊಳ್ತಾನೆ."

ಬಾಗಿಲಾಚೆ ಗಂಡಸಿನ ನಗು ಸಿಡಿಯಿತು. ಒಳಗೆ ಓರ್ವೊಕ್ಕಿ ಮೈಗೆ ಬಡಿದುಕೊಳ್ಳುವ ಎಲೆಗೊಂಚಲಿನಲ್ಲಿ ಮುಖ ಮುಚ್ಚಿಕೊಂಡಳು. ರೈಲಿಯ ಮುಖ ಸೌನಾದ ಕಲ್ಲಿಗಿಂತ ಕಾದಿತ್ತು. ಟವೆಲ್ ಸುತ್ತಿಕೊಂಡು, ತಣ್ಣೀರಿನ ಬಕೆಟ್ಟಿನತ್ತ ನಡೆದಳು.

ಅಷ್ಟರಲ್ಲಿ ಮತ್ತೆ ದನಿ: "ನೋಡೋ…ಣ. ರೈಲಿ, ಬಾಗಿಲು ತೆಗಿ. ನಾನೂ ಎಲ್ಲ ಕೇಳಿಸಿಕೊಂಡೆ."

"ಈ ಸಲ ಮೂಗು ಸರಿಯಾಗಿ ಬರಲಿಲ್ಲ ಕಣೋ ತೌನೊ," ಎಂದು ರೈಲಿ ಮೊಣಕೈಯಿಂದ ಬಾಗಿಲು ದೂಡಿ, ಬಕೆಟ್ಟು ಪೂರ್ತಿ ಸುರಿದಳು.

ಸ್ನಾನಕ್ಕೆಂದು ಬಂದಿದ್ದ ಸನೆಲ್ಮಾ, ಸಾಕ್ಷಾತ್ ಸನೆಲ್ಮಾ, ಕೋಟು ಕನ್ನಡಕ ಸಮೇತ ತೊಯ್ದು ನಿಂತಿದ್ದಳು. ತೌನೊ ಸೌದೆ ರಾಶಿಯ ಹಿಂದೆ ಸೇರಿದ್ದ. ಸನೆಲ್ಮಾ ಕನ್ನಡಕ ಒರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ:

"ಆ ಕೈಯಲ್ಲಿ ತುಂಬಿದ ಬಕೆಟ್ ಹೇಗೆ ಎತ್ತಿದೆ?"

"ಬೆರಳಲ್ಲಿ ಎತ್ತಲಿಲ್ಲ," ರೈಲಿ ತೊದಲಿದಳು. "ಎರಡೂ ತೋಳಲ್ಲಿ ಅಪ್ಕೊಂಡು ಎತ್ತಿದೆ. ನೀನೇ ಹೇಳಿಕೊಟ್ಟಿದ್ದಲ್ವಾ."

"ಅಂದ್ರೆ ನನ್ನ ಮೇಲೆ ನೀರು ಹುಯ್ಯೋಕೆ ನನ್ನ ಪಾಠ ಬೇಕು, ಹುಟ್ಟು ಹಾಕೋಕೆ ಬೇಡ."

ರೈಲಿಯ ವಾದಕ್ಕೆ ಕೊನೆಗೂ ಮದ್ದು ಸಿಕ್ಕಿತು. ಸನೆಲ್ಮಾ ಅಲ್ಲೇ, ನೀರು ತೊಟ್ಟಿಕ್ಕುತ್ತಲೇ ತೀರ್ಪು ಕೊಟ್ಟಳು. ನಾಳೆಯೇ ಡಾಕ್ಟರಿಗೆ ಕೈ ತೋರಿಸಬೇಕು. ಊತ ಇಳಿಯುವವರೆಗೆ ಹುಟ್ಟು ಮುಟ್ಟಬಾರದು. ನಡಿಗೆ ಮಾತ್ರ ಬಿಡಬಾರದು. ಆಮೇಲೆ ಹುಟ್ಟಿನ ಹಿಡಿಗೆ ಮೆತ್ತನೆಯ ದಪ್ಪ ಹೊದಿಕೆ, ಸಡಿಲ ಬೆರಳು, ಎಳೆಯುವ ಬಲ ಕಾಲಿನಿಂದ ಮತ್ತು ಬೆನ್ನಿನಿಂದ. ಚರ್ಚಿನ ಭಾನುವಾರ ಸರೋವರದ ನಡುವಿನ ದ್ವೀಪದವರೆಗೆ ಮಾತ್ರ, ಅಲ್ಲಿಂದ ಬೇರೆಯವರು.

ರೈಲಿ ಸೌದೆ ರಾಶಿಯ ಹಿಂದಿನಿಂದ ಇಣುಕಿದ ತೌನೊನ ಮುಖ ನೋಡಿದಳು. "ಅರ್ಧ ದಾರಿ ಹುಟ್ಟು ಹಾಕೋಳಿಗೆ ಹಲಗೆ ಕೊಡ್ತೀಯಾ?"

"ಸುಳ್ಳು ಹೇಳೋ ಕೈಗೆ ಕೊಡಲ್ಲ," ಎಂದ ತೌನೊ, ಈ ಸಲ ಸ್ವಂತ ದನಿಯಲ್ಲಿ. "ನಿಜ ಹೇಳೋ ಅರ್ಧ ಕೈ ಸಾಕು. ಉಳಿದರ್ಧ ಓರ್ವೊಕ್ಕಿಗೆ."

ಅಂದಿನಿಂದ ರೈಲಿ ಹಟವನ್ನು ಬಿಡಲಿಲ್ಲ, ಅದರ ಹಳಿ ಬದಲಿಸಿದಳು ಅಷ್ಟೆ. ಡಾಕ್ಟರು ಮಾತ್ರೆ ಬದಲಿಸಿದರು. ಬೆಳಿಗ್ಗೆ ಬೆಚ್ಚನೆ ನೀರಲ್ಲಿ ಬೆರಳು ಅರಳಿಸಿ ಮುಚ್ಚುವುದು, ಮಧ್ಯಾಹ್ನ ಸಪಾಟು ದಾರಿಯಲ್ಲಿ ನಡಿಗೆ. ದೋಣಿ ಹೊರಟಾಗ ದಡದಲ್ಲಿ ಕೈಕಟ್ಟಿ ನಿಲ್ಲುವುದೇ ಎಲ್ಲಕ್ಕಿಂತ ಕಠಿಣ ವ್ಯಾಯಾಮ. ಅದನ್ನೂ ಮಾಡಿದಳು. ಊತ ಇಳಿದ ಮೇಲೆ ಅವಳ ಹುಟ್ಟಿಗೆ ನೀರಿನ ಪೈಪಿಗೆ ಸುತ್ತುವ ಸ್ಪಂಜು ಬಂತು. ಅದರ ಮೇಲೆ ತೌನೊ ಯಾರದೋ ಕೂಸಿನ ಗುಲಾಬಿ ಕಾಲುಚೀಲ ತೊಡಿಸಿದ್ದ. ಅವಳು ಅದನ್ನು ತೆಗೆಯಲಿಲ್ಲ.

ಚರ್ಚಿನ ಭಾನುವಾರ ದ್ವೀಪ ಮುಟ್ಟಿದಾಗ ಅವಳ ಕೈ ಹಗುರವಾಗಿತ್ತು. ಇನ್ನೂ ಎಳೆಯಬಹುದು ಅನಿಸಿತು. ಚರ್ಚಿನ ಗೋಪುರ ಅಲ್ಲೇ, ಎದುರಿಗೇ. ಅರ್ಧ ದಾರಿಯ ಪಾಳಿಗೆಂದು ಜೊತೆಗೆ ಬಂದಿದ್ದ ಓರ್ವೊಕ್ಕಿ ಮೆಲ್ಲಗೆ, "ಬೇಕಿದ್ರೆ ನೀನೇ ಮುಂದುವರಿಸೇ," ಎಂದಳು. ಇಡೀ ದೋಣಿ ರೈಲಿಯನ್ನೇ ನೋಡಿತು.

ರೈಲಿ ಹುಟ್ಟನ್ನು ನಿಧಾನವಾಗಿ ಒಳಗೆಳೆದು ಓರ್ವೊಕ್ಕಿಯ ಮಡಿಲಿಗಿಟ್ಟಳು. "ಚೆನ್ನಾಗಿರುವಾಗಲೇ ನಿಲ್ಲಿಸಬೇಕು. ಹಿಡಿ. ಕಾಲುಚೀಲ ಜೋಪಾನ."

ಹೇಳಿ ದೋಣಿಯ ಮುಂದಿನ ಮೂತಿಯ ಕಡೆ ಹೋಗಿ ಕೂತಳು. ದೋಣಿ ಮತ್ತೆ ಹೊರಟಿತು. ನಾಲ್ಕು ಹುಟ್ಟು ಹಾಕುವಷ್ಟರಲ್ಲಿ ಚುಕ್ಕಾಣಿಯ ಕಡೆಯಿಂದ ಹೆಂಗಸಿನ ದನಿಯೊಂದು ಎದ್ದಿತು. ಸನೆಲ್ಮಾಳದಲ್ಲ, ಅಂಗಡಿಯವಳದಲ್ಲ, ತಪ್ಪಿಲ್ಲದಂತೆ ರೈಲಿಯದೇ ದನಿ:

"ಅಯ್ಯೋ ಸನೆಲ್ಮಾ, ಬೈಬೇಡ ಕಣೇ. ಆ ತೌನೊಗೆ ಮಾತ್ರ ಹೇಳಬೇಡ…"

ಹುಟ್ಟುಗಳೆಲ್ಲ ತಾಳ ತಪ್ಪಿದವು. ದೋಣಿಗೆ ದೋಣಿಯೇ ನಕ್ಕಿತು. ಆದರೆ ಆಚೆ ದಡದಲ್ಲಿ ಕಾಯುತ್ತಿದ್ದವರಿಗೆ ನೀರಿನ ಮೇಲಿಂದ ಮೊದಲು ಕೇಳಿಸಿದ್ದು ಮೂತಿಯಲ್ಲಿ ಕೂತವಳ ನಗು.