ಹನ್ನೆರಡು ಗಜದ ತಾಟಪಟ್ಟಿ

ಮಕ್ಕಳಿಗೆ ಒಳ್ಳೆಯದು ಮಾಡಬೇಕೆಂಬ ಚಟ ಮಾಸ್ತರನಿಗೆ ಅಂಟಬಾರದು. ನನಗೆ ಅಂಟಿತ್ತು.

ನಿಜಾಮರ ಕಾಲದ ಫಸಲಿ ೧೩೪೭, ಅಂದರೆ ಇಸವಿ ೧೯೩೭ರ ಚಳಿಗಾಲದ ಮಾತು. ವಾಡಿ ಜಂಕ್ಷನ್ನಿನಿಂದ ಎರಡು ಹರದಾರಿ ದೂರದ ನಮ್ಮೂರ ಸರಕಾರಿ ಶಾಲೆಯಲ್ಲಿ ಒಂದನೆಯ ಜಮಾತಿನ, ಅಂದರೆ ತರಗತಿಯ, ಕೂಸುಗಳಿಗೆ ಉರ್ದುವಿನ ಅಲಿಫ್, ಬೇ ತಿದ್ದಿಸುವುದು ನನ್ನ ಕೆಲಸ. ನೆಲಕ್ಕೆ ಶಹಾಬಾದಿನ ಕಲ್ಲು ಹಾಸಿತ್ತು. ಬೇಸಿಗೆಯಲ್ಲಿ ಸ್ವರ್ಗ, ಚಳಿಯಲ್ಲಿ ಕುಳಿತವರ ಕಾಲು ಮರಗಟ್ಟುತ್ತಿತ್ತು. ಅದರ ಮೇಲೆ ಹಾಸಲು ಯಾವ ಕಾಲದಲ್ಲೋ ಕೊಟ್ಟ ತಾಟಪಟ್ಟಿ, ಅಂದರೆ ಗೋಣಿನಾರಿನ ಉದ್ದನೆಯ ಹಾಸು, ಹರಿದು ಹರಿದು ಇಪ್ಪತ್ತು ತುಂಡಾಗಿತ್ತು. ಮಗುವಿಗೊಂದು ತುಂಡು. ನಾರು ಚುಚ್ಚಿ, ಮಕ್ಕಳು ತೊಡೆ ಕೆರೆದುಕೊಳ್ಳುತ್ತಲೇ ಓದುತ್ತಿದ್ದವು.

ಎಲ್ಲಕ್ಕೂ ಸಣ್ಣ ತುಂಡು ಮಲ್ಲವ್ವನದು. ಆಕೆ ರೈಲುಹಳಿಯ ಮೇಲೆ ದುಡಿಯುವ ಸೂಗಪ್ಪನ ಮಗಳು. ಊರಾಚೆಯ ಕೇರಿಯಿಂದ ಶಾಲೆಯ ಹೊಸ್ತಿಲು ದಾಟಿದ ಮೊದಲ ಹುಡುಗಿ. ಬಾಗಿಲ ಪಕ್ಕದಲ್ಲಾದರೂ ಒಳಗೇ ಕೂಡುತ್ತಿದ್ದಳು. ಊರವರು ತಕರಾರು ತೆಗೆದಿರಲಿಲ್ಲ. ತುಂಡಿಗೂ ತುಂಡಿಗೂ ನಡುವೆ ಕಲ್ಲು ಇತ್ತಲ್ಲ! ಕಲ್ಲು ಮೈಲಿಗೆಯನ್ನು ಹಾಯಗೊಡುವುದಿಲ್ಲ, ನಾರಿನ ಹಾಸು ಹಾಯಗೊಡುತ್ತದೆ. ಇದು ನಮ್ಮವರ ಶಾಸ್ತ್ರ. ಮಡಿವಂತರ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹೊಸ ತಾಟಪಟ್ಟಿ ಬೇಡಿ ಅರ್ಜಿ ಬರೆಯುವಾಗ ತಲೆಗೆ ಬರಲಿಲ್ಲ, ಅಷ್ಟೆ.

ಮೂರು ವರ್ಷ ಶಿಕ್ಷಣ ಕಚೇರಿಗೆ ಅರ್ಜಿ ಹಾಕಿದೆ. ಆ ವರ್ಷವಷ್ಟೇ ಸೇರಿದ್ದ ಮಲ್ಲವ್ವ ದಿನಾ ಕೇಳುವಳು: “ಮಾಸ್ತರ್ರೀ, ಹೊಸಾ ಹಾಸು ಯಾವಾಗ ಬರ್ತದ್ರಿ?”

“ಬರ್ತದವ್ವ, ಬರ್ತದ.”

ಕೊನೆಗೂ ಕಚೇರಿಯ ಜವಾನ ಅಬ್ದುಲ್ ಕರೀಮ್ ಬಂಡಿಯಲ್ಲಿ ಸುರುಳಿ ತಂದ. ಹಳೆಯದನ್ನು ಎದುರಿಗೇ ಸುಟ್ಟು ಹೊಸದನ್ನು ಕೊಡಬೇಕೆಂದು ಹುಕುಂ. ಇಪ್ಪತ್ತು ತುಂಡೂ ಅಂಗಳದಲ್ಲಿ ಸುಟ್ಟು ಬೂದಿಯಾದವು. ಮಲ್ಲವ್ವ ತನ್ನದನ್ನು ತಾನೇ ತಂದು, ನಗುತ್ತಾ ಬೆಂಕಿಗೆ ಹಾಕಿದಳು.

“ಗಟ್ಟಿ ಮಾಲ್ ಅದರೀ ಮಾಸ್ತರ್‌ಸಾಬ್,” ಎಂದ ಕರೀಮ್. “ಇಪ್ಪತ್ತ್ ವರ್ಷ ಹರಿಯಂಗಿಲ್ಲ.”

ಮೂರು ಗೋಡೆಗಳ ಗುಂಟ ಹಾಸಿದೆ. ಹನ್ನೆರಡು ಗಜ, ನಡುವೆ ಒಂದು ಹೊಲಿಗೆ ಕೂಡ ಇಲ್ಲ. ಮಕ್ಕಳು ಹೊರಳಾಡಿದವು. ಮಲ್ಲವ್ವ ಒಂದು ತುದಿಗೆ, ನನ್ನ ಮಗಳು ಲೀಲಾ ಇನ್ನೊಂದು ತುದಿಗೆ. ಅಂದು ನಾನು ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಮನೆಯಲ್ಲಿ ನನ್ನ ತಾಯಿ ಸೀತಾಬಾಯಿ ನೀರು ಕಾಸಿಟ್ಟು ಲೀಲಾಳನ್ನು ಹೊರಗೇ ನಿಲ್ಲಿಸಿದ್ದಳು.

“ಪ್ರಹ್ಲಾದಾ, ಸೂಗಪ್ಪನ ಮಗಳು ಕುಂತ ಹಾಸಿನ ಮ್ಯಾಗೇ ನಮ್ಮ ಕೂಸು ಕುಂತಿತ್ತಂತ. ಖರೇನು?”

“ಆಕೀ ಆ ತುದಿಗಿ, ಈಕೀ ಈ ತುದಿಗಿ ಅವ್ವ.”

“ತುದಿ ಎರಡಾದ್ರ ಹಾಸು ಎರಡಾಗ್ತದೇನು? ನಾಳಿಯಿಂದ ಲೀಲಾ ಸಾಲಿಗಿ ಬರಂಗಿಲ್ಲ.”

ಮರುದಿನ ಹನ್ನೊಂದು ಮಕ್ಕಳು ಬರಲಿಲ್ಲ. ಅದರ ಮರುದಿನ ಹದಿನೇಳು. ಮಕ್ಕಳಿಲ್ಲದ ಜಮಾತನ್ನು ಕಚೇರಿಯವರು ಮುಚ್ಚುತ್ತಾರೆ, ನನ್ನ ನೌಕರಿಯೂ ಹೋಗುತ್ತದೆ. ಕತ್ತರಿ ತಂದೆ. ಒಂದು ಮೊಳ ಕತ್ತರಿಸಿದರೆ ಮುಗಿಯಿತು, ನಡುವೆ ಮತ್ತೆ ಕಲ್ಲು ಬರುತ್ತದೆ. ಆದರೆ ಎರಡೂ ತುದಿಗೆ ಸರಕಾರದ ಮೊಹರು. ತಪಾಸಣೆಯ ಸಾಹೇಬರು ಗಜ ಹಿಡಿದು ಅಳೆದರೆ? ಕತ್ತರಿ ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ನಾಲ್ಕು ವರ್ಷದಿಂದ ಯಾವ ಸಾಹೇಬರೂ ನಮ್ಮೂರಿಗೆ ಕಾಲಿಟ್ಟಿರಲಿಲ್ಲ. ಅಳುಕಿದ್ದು ನನ್ನ ಕೈ. ಇಂದಿಗೂ ಆ ಕೈ ಕಂಡರೆ ನನಗೆ ಹೇಸಿಗೆ.

ಮೂರನೆಯ ದಿನ ಮಲ್ಲವ್ವನಿಗೆ, “ನೀ ಸ್ವಲ್ಪ ಕೆಳಗ ಕುಂಡ್ರವ್ವ,” ಎಂದೆ. ಯಾಕೆಂದು ಕೇಳಲಿಲ್ಲ, ಆರು ವರ್ಷಕ್ಕೇ ಆಕೆಗೆ ತಿಳಿದಿತ್ತು. ಬರಿಗಲ್ಲಿನ ಮೇಲೆ ಸರಿದು ಕುಳಿತಳು. ಸುದ್ದಿ ಹಬ್ಬಿ ಮರುದಿನ ಲೀಲಾ ಸೇರಿ ಮಕ್ಕಳೆಲ್ಲ ಮರಳಿ ಬಂದವು. ಮಲ್ಲವ್ವ ಮನೆಯಿಂದ ಗೋಣಿಚೀಲ ತಂದಳು. ಅದರ ಅಂಚು ತಾಟಪಟ್ಟಿಗೆ ತಗಲುತ್ತದೆಂದು ಮಕ್ಕಳೇ ಕೂಗಿದವು, ನನ್ನ ಲೀಲಾ ಎಲ್ಲರಿಗಿಂತ ಜೋರಾಗಿ. ಗೋಣಿಚೀಲ ಹೊಸ್ತಿಲಾಚೆ ಹೋಯಿತು, ಅದರ ಜೊತೆ ಆಕೆಯೂ.

ಪುಷ್ಯದ ಗಾಳಿಗೆ ಹೊರಗೆ ಕುಳಿತು ಆಕೆ ಅಕ್ಷರ ತಿದ್ದುತ್ತಿದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ನಾನು ಹಾಸು ಸುತ್ತುತ್ತಿದ್ದೆ. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದವಳು ಮೊದಲಿನ ಅದೇ ದನಿಯಲ್ಲಿ ಕೇಳಿದಳು:

“ಮಾಸ್ತರ್ರೀ, ಇದು ಯಾವಾಗ ಹರೀತದ್ರಿ?”