ಇಸ್ತ್ರಿ ಕೋಣೆಯ ಮೇಲೆ ಹೆಜ್ಜೆ ಸದ್ದು

ಆ ದೊಡ್ಡ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಊಟದ ಹೊತ್ತಿಗೆ ಯಂತ್ರಗಳು ನಿಂತರೆ ಸಾಕು, ತಲೆಯ ಮೇಲೆ ಯಾರೋ ನಡೆದಂತೆ ಸದ್ದು. ಟಕ್... ಟಕ್... ಮೇಲೆ ಮಹಡಿಯೇ ಇಲ್ಲ. ತಗಡಿನ ಸೂರು, ಅದಕ್ಕೆ ತೂಗುಹಾಕಿದ ಉಗಿಯ ಪೈಪು, ಅಷ್ಟೆ.

“ಹಳೇ ಫಿಟ್ಟರ್ ಅಜ್ಜ ಸತ್ತ ಮೇಲೂ ಕೆಲಸಕ್ಕೆ ಬರ್ತಾನೆ,” ಎಂದು ಹೆಂಗಸರು ಪಿಸುಗುಟ್ಟುತ್ತಿದ್ದರು.

ಬಾಯ್ಲರ್ ನೋಡಿಕೊಳ್ಳುವವನು ಇದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಕೊನೆಗೆ, ಅಲ್ಲೇ ಇಸ್ತ್ರಿ ಮಾಡುವ ಅವನ ಹೆಂಡತಿಯೇ ಹೇಳಿದಳು. “ರೀ, ಆ ಹೆಜ್ಜೆ ದಿನಾ ನನ್ನ ಮೇಜಿನ ಹತ್ತಿರ ಹತ್ತಿರ ಬರ್ತಿದೆ. ಪೈಪೂ ಕೆಳಗಿಳಿದಿದೆ. ಹೋದ ವಾರ ಗೋಡೆ ಗಡಿಯಾರ ಪೂರ್ತಿ ಕಾಣ್ತಿತ್ತು. ಈಗ ಪೈಪ್ ಅಡ್ಡ ಬಂದು ಹನ್ನೆರಡರ ಅಂಕಿ ಕಾಣಲ್ಲ.”

ಅವನು ನಕ್ಕುಬಿಟ್ಟ. “ಇಪ್ಪತ್ತು ವರ್ಷದಿಂದ ಪೈಪ್ ಜೊತೆ ಬಾಳ್ವೆ ಮಾಡ್ತಿದ್ದೀನಿ, ನಿನ್ನ ಜೊತೆಗಿಂತ ಜಾಸ್ತಿ. ಬಿಸಿ ಆರಿದ್ರೆ ಟಕ್ ಅನ್ನುತ್ತೆ, ಬಿಡೇ.”

ಅವಳು ಬಿಡಲಿಲ್ಲ. ಇನ್ನೊಂದು ಕಾರ್ಖಾನೆಯಲ್ಲಿ ಪೈಪ್ ಜೋಡಿಸುವ ತಂಗಿಯನ್ನು ಮಾರನೇ ದಿನವೇ ಕರೆತಂದಳು. ಊಟಕ್ಕೆ ಯಂತ್ರಗಳು ನಿಂತವು. ಟಕ್. ಗಾಳಿಯೇ ಆಡದ ಕೋಣೆಯಲ್ಲಿ, ಸೂರಿನಿಂದ ಇಳಿಬಿಟ್ಟಿದ್ದ ಒಂದು ಕಂಬಿ ತಾನಾಗಿ ತೂಗಾಡತೊಡಗಿತು. ಅವನ ನಗು ನಿಂತಿತು.

ನಾದಿನಿ ತಲೆಯೆತ್ತಿ ಒಂದೊಂದೇ ಕಂಬಿ ನೋಡುತ್ತಾ ನಡೆದಳು. “ಭಾವ, ಮೇಲೆ ಯಾರೂ ನಡೀತಿಲ್ಲ. ಪೈಪ್ ಹಿಡಿದಿರೋ ಕಂಬಿಗಳು ಒಂದೊಂದಾಗಿ ಕೈಬಿಡ್ತಿವೆ. ಪೈಪನ್ನ ಕಂಬಿಗೆ ಬಿಗಿಯೋ ಈ ಕ್ಲಾಂಪಿಗೆ ನಟ್ಟೇ ಇಲ್ಲ. ಅದನ್ನ ಯಾರೋ ಬರೀ ತಂತೀಲಿ ಕಟ್ಟಿದಾರೆ. ಒಂದು ಬಿಟ್ರೆ ಅದರ ಭಾರ ಪಕ್ಕದ್ದಕ್ಕೆ.”

“ನಿಮ್ಮಕ್ಕನ ಮೇಜಿನ ಮೇಲೆ?”

“ಅಲ್ಲಿ ಒಂದೇ ಉಳಿದಿರೋದು. ಮೊದಲು ಎಲ್ಲರನ್ನೂ ಆಚೆ ಕಳಿಸಿ. ಉಗಿ ನಿಲ್ಲಿಸಿ.”

ಅವನು ಕೂಗಿ ಎಲ್ಲರನ್ನೂ ಹೊರಡಿಸಿದ. ಓಡಿಹೋಗಿ ವಾಲ್ವ್ ಮುಚ್ಚಿ, ಪೈಪಿನಲ್ಲಿದ್ದ ಉಗಿಯನ್ನು ಹೊರಬಿಟ್ಟು, ಅಂಗಳಕ್ಕೆ ಬಂದು ಹೆಂಡತಿಯ ತೋಳು ಹಿಡಿದು ನಿಂತ. ಖಾಲಿ ಕೋಣೆಯೊಳಗೆ ಟಕ್, ಟಕ್ ಎಂದು ನಿಧಾನವಾಗಿ ನಡೆದು ಬಂದ ಸದ್ದು, ನಿಂತಿತು. ಮರುಗಳಿಗೆ ನೆಲ ನಡುಗುವಂತೆ ಪೈಪು ಬಿತ್ತು. ಅವಳ ಮೇಜು ನುಚ್ಚುನೂರಾಯಿತು.

“ಆ ತಂತಿ ಕಟ್ಟಿದ್ದು ನಾನೇ ಕಣೇ,” ಎಂದ ಅವನು. “ಎರಡು ದಿನದ ಮಟ್ಟಿಗೆ ಅಂತ. ಎರಡು ವರ್ಷ ಆಗೋಯ್ತು.”

ಅವಳು ತೋಳು ಬಿಡಿಸಿಕೊಂಡಳು. ಹೊಸ ಕಂಬಿ, ಕ್ಲಾಂಪುಗಳನ್ನು ಹಾಕಿಸಿ, ನಾದಿನಿ ಪ್ರತಿಯೊಂದು ನಟ್ಟನ್ನೂ ನೋಡಿ ಸರಿ ಎನ್ನುವವರೆಗೆ ಅವನು ಬಾಯ್ಲರ್ ಹೊತ್ತಿಸಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನೀವು ಕೆಲಸ ಮಾಡುವ ಕಡೆ ಒಮ್ಮೆ ತಲೆಯೆತ್ತಿ ನೋಡಿ. ಪೈಪು ಜೋತುಬಿದ್ದಿದೆಯೇ? ಕ್ಲಾಂಪು ಸಡಿಲವಾಗಿದೆಯೇ? ತಂತಿಯಲ್ಲೋ ಹಗ್ಗದಲ್ಲೋ ಕಟ್ಟಿದ್ದಾರೆಯೇ? ಅದರ ಕೆಳಗೆ ನಿಲ್ಲಬೇಡಿ, ನೀವೇ ಬಿಗಿಮಾಡಲೂ ಹೋಗಬೇಡಿ. ಇವತ್ತೇ ಮೇಲ್ವಿಚಾರಕರಿಗೆ ತಿಳಿಸಿ. ಅವರು ನಕ್ಕರೆ, ಇನ್ನೊಮ್ಮೆ ಹೇಳಿ.